ಕ್ಲೌಡ್ ಬ್ಯಾಕಪ್: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆ

ಕಂಪ್ಯೂಟರಿನಲ್ಲಿರುವ ಫೈಲುಗಳ ಅಥವಾ ಒಂದಿಡೀ ವರ್ಚುವಲ್ ಮಷಿನ್ನಿನ ಪ್ರತಿಯನ್ನು ಇಂಟರ್ನೆಟ್ ಮೂಲಕ ದೂರದ ಡೇಟಾ ಸೆಂಟರಿಗೆ ಕಳಿಸಿ ಕಾಯ್ದಿಡುವ ಕ್ರಮಕ್ಕೆ ಕ್ಲೌಡ್ ಬ್ಯಾಕಪ್ ಎನ್ನುತ್ತಾರೆ. ಮೂಲ ಯಂತ್ರ ಕೆಟ್ಟರೆ, ಕಳುವಾದರೆ, ನೀರು ಹೊಕ್ಕರೆ, ರಾನ್ಸಮ್‌ವೇರ್ ದಾಳಿಗೆ ಸಿಕ್ಕರೆ ಈ ಪ್ರತಿಯಿಂದ ಕೆಲಸವನ್ನು ಮತ್ತೆ ಹಳಿಗೆ ತರಬಹುದು. ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಐದು ತಾಲೂಕುಗಳಲ್ಲಿ, ಅಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡದಲ್ಲಿ, ಈ ವಿಷಯಕ್ಕೆ ಒಂದು ವಿಶೇಷವಿದೆ. ಇಲ್ಲಿ ಡೇಟಾ ಕಳೆಯುವ ಕಾರಣಗಳ ಪಟ್ಟಿಯಲ್ಲಿ ಹಾರ್ಡ್‌ಡಿಸ್ಕಿನ ಜತೆಗೆ ಕೃಷ್ಣಾ ನದಿಯೂ ಸೇರುತ್ತದೆ. ಬೇರೆ ಊರುಗಳಲ್ಲಿ ಬ್ಯಾಕಪ್ಪಿನ ಪ್ರತಿ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ಕೇಳಿದರೆ ಸಾಕು. ಇಲ್ಲಿ ಅದು ಯಾವ ಹೊಳೆಯ ದಂಡೆಯಲ್ಲಿದೆ ಎಂದೂ ಕೇಳಬೇಕು.

ಯಾರ ಡೇಟಾ, ಎಂಥ ಡೇಟಾ

ಈ ಸೀಮೆಯ ಹಣ ಹರಿಯುವುದು ಕಬ್ಬು, ತಂಬಾಕು ಮತ್ತು ಸಹಕಾರಿ ಸಂಸ್ಥೆಗಳ ಮೂಲಕ. ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿರುವ ಉಗಾರ ಶುಗರ್ ವರ್ಕ್ಸ್ 1939ರಷ್ಟು ಹಳೆಯದು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿ ತಾಲೂಕಿನ ಕೃಷ್ಣಾ ಮುಂತಾದವು ಸಹಕಾರಿ ಕಾರ್ಖಾನೆಗಳು. ಇವುಗಳ ಸುತ್ತ ಪತ್ತಿನ ಸಂಘಗಳು, ಸೌಹಾರ್ದ ಸಹಕಾರಿಗಳು, ಪಟ್ಟಣ ಸಹಕಾರಿ ಬ್ಯಾಂಕುಗಳು ಬೆಳೆದಿವೆ. ಗಡಿ ದಾಟಿ ಮಹಾರಾಷ್ಟ್ರದಲ್ಲೂ ಶಾಖೆ ತೆರೆದ ಬಹುರಾಜ್ಯ ಸೊಸಾಯಿಟಿಗಳೂ ಇವೆ. ಯಕ್ಸಂಬಾದ ಬೀರೇಶ್ವರ ಕ್ರೆಡಿಟ್ ಸೊಸಾಯಿಟಿ ಅಂಥದ್ದೊಂದು.

ಕಬ್ಬಿನ ಕಾರ್ಖಾನೆಯಲ್ಲಿ ಡೇಟಾ ಹುಟ್ಟುವ ಜಾಗ ತೂಕದ ಕಾಟಾ. ಹಂಗಾಮು ಶುರುವಾದರೆ ಹಗಲು ರಾತ್ರಿ ಟ್ರ್ಯಾಕ್ಟರುಗಳ ಸಾಲು. ತುಂಬಿದ ಗಾಡಿ ಒಮ್ಮೆ, ಖಾಲಿ ಗಾಡಿ ಮತ್ತೊಮ್ಮೆ ಕಾಟಾ ಹತ್ತುತ್ತದೆ. ರೈತನ ಕೋಡ್ ನಂಬರು, ಪ್ಲಾಟು, ತಳಿ, ಕಟಾವಿನ ಗ್ಯಾಂಗು, ಗಾಡಿ ನಂಬರು, ನಿವ್ವಳ ತೂಕ, ಇಷ್ಟೂ ಒಂದು ಚೀಟಿಯಲ್ಲಿ ಅಚ್ಚಾಗಿ ಹೊರಬರುತ್ತದೆ. ಚೀಟಿ ರೈತನ ಕಿಸೆಗೆ ಹೋದರೆ ಅದರ ಮೂಲ ಸರ್ವರ್‌ನಲ್ಲಿ ಉಳಿಯುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರುತ್ತದೆ. ಹಾಗಾಗಿ ಹಂಗಾಮಿನ ನಡುವೆ ಸರ್ವರ್ ಮಲಗಿದರೆ ಕಂಪ್ಯೂಟರ್ ವಿಭಾಗದವರಷ್ಟೇ ಒದ್ದಾಡಿ ಮುಗಿಯುವುದಿಲ್ಲ. ಕಾಟಾ ಮುಂದೆ ಗಾಡಿಗಳು ನಿಲ್ಲುತ್ತವೆ, ಕಡಿದ ಕಬ್ಬು ಒಣಗಿ ತೂಕ ಇಳಿಯುತ್ತದೆ, ಬಿಲ್ಲು ಮುಂದಕ್ಕೆ ಹೋಗುತ್ತದೆ.

ಪತ್ತಿನ ಸಂಘದಲ್ಲಿ ಡೇಟಾ ಹುಟ್ಟುವುದು ಬೀದಿಯಲ್ಲಿ. ಪಿಗ್ಮಿ ಏಜೆಂಟರು ಕೈಮಷಿನ್ ಹಿಡಿದು ಅಂಗಡಿ ಅಂಗಡಿ ಸುತ್ತಿ, ಸಂಜೆ ಸಂಘಕ್ಕೆ ಬಂದು ಆ ದಿನದ ವಸೂಲಿಯನ್ನು ಕಂಪ್ಯೂಟರಿಗೆ ಇಳಿಸುತ್ತಾರೆ. ಇಳಿಸಿದ ಮೇಲೆ ಮಷಿನ್ ಮರುದಿನಕ್ಕೆ ಖಾಲಿ. ಅಂದರೆ ಸಂಜೆ ಏಳರಿಂದ ರಾತ್ರಿಯ ಬ್ಯಾಕಪ್ ಮುಗಿಯುವ ತನಕ ನೂರಾರು ಚಿಕ್ಕ ವ್ಯಾಪಾರಿಗಳ ದಿನದ ಉಳಿತಾಯದ ಲೆಕ್ಕ ಒಂದೇ ಹಾರ್ಡ್‌ಡಿಸ್ಕನ್ನು ನಂಬಿ ಕೂತಿರುತ್ತದೆ. ಬ್ಯಾಕಪ್ಪನ್ನು ರಾತ್ರಿ ಎರಡಕ್ಕಲ್ಲ, ಪಿಗ್ಮಿ ಇಳಿಸಿದ ಕೂಡಲೇ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ಇನ್ನುಳಿದವರ ಡೇಟಾ ಚಿಕ್ಕದು, ಚದುರಿದ್ದು: ನಿಪ್ಪಾಣಿಯ ತಂಬಾಕು ವಖಾರಿಗಳ ಟ್ಯಾಲಿ ಲೆಕ್ಕ, ದವಾಖಾನೆಗಳ ಸ್ಕ್ಯಾನಿಂಗ್ ಚಿತ್ರ, ಕಾಲೇಜುಗಳ ಪ್ರವೇಶ ದಾಖಲೆ, ಫೋಟೋ ಸ್ಟುಡಿಯೋಗಳ ಮದುವೆ ವಿಡಿಯೋ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕೊಲ್ಹಾಪುರಿ ಚಪ್ಪಲಿಯನ್ನು ಹೊಲಿಯುವ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳಿಗೆ ವಿನ್ಯಾಸದ ಫೋಟೋ ಮತ್ತು ಗಿರಾಕಿಯ ವಿಳಾಸ ಎರಡೂ ಮೊಬೈಲಿನಲ್ಲೇ ಇರುತ್ತವೆ.

ಹೊಳೆಯ ಲೆಕ್ಕ

ಕೃಷ್ಣೆಯ ಮಹಾಪೂರ ಈ ಭಾಗಕ್ಕೆ ಹೊಸದಲ್ಲ. 2005ರಲ್ಲಿ, 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ಬಂದ ನೆರೆಗಳು ದೊಡ್ಡವು. ಕೊಯ್ನಾ ಜಲಾಶಯದಿಂದ ನೀರು ಬಿಟ್ಟಾಗ, ಅದೇ ಹೊತ್ತಿಗೆ ಘಟ್ಟದ ಮಳೆಗೆ ವೇದಗಂಗಾ, ದೂಧಗಂಗಾ ತುಂಬಿ ಬಂದಾಗ, ಕಲ್ಲೋಳ, ಯಡೂರ, ಮಾಂಜರಿ, ಅಂಕಲಿ, ಸದಲಗಾ, ಜುಗುಳ, ಕುಡಚಿ, ಉಗಾರದ ಸುತ್ತ ನೀರು ಹರಡಿಕೊಳ್ಳುತ್ತದೆ. ಕಲ್ಲೋಳ–ಯಡೂರ ಸೇತುವೆ ಮಳೆಗಾಲದಲ್ಲಿ ಮುಳುಗುವುದು ಊರವರಿಗೆ ಸುದ್ದಿಯೇ ಅಲ್ಲ. 2019 ಮತ್ತು 2021ರಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯನ್ನೇ ಮುಚ್ಚಿಬಿಟ್ಟಿತ್ತು.

ಬ್ಯಾಕಪ್ಪಿನ ಪುಸ್ತಕಗಳಲ್ಲಿ 3-2-1 ಎಂಬ ಸೂತ್ರವಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ 2000ದ ದಶಕದ ನಡುವೆ ಇದನ್ನು ಜನಪ್ರಿಯಗೊಳಿಸಿದ. ಡೇಟಾದ ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಲ್ಲಿರಲಿ ಎಂಬುದು ಅದರ ಸಾರ. ಮೊದಲೆರಡು ಸುಲಭ. ಮೂರನೆಯದರಲ್ಲಿ ಈ ಸೀಮೆ ಎಡವುತ್ತದೆ. ನಿಪ್ಪಾಣಿ, ಚಿಕ್ಕೋಡಿಯವರಿಗೆ ಬೇರೆ ಊರೆಂದರೆ ಕೊಲ್ಹಾಪುರ. ಅಥಣಿ, ಕಾಗವಾಡ, ರಾಯಬಾಗದವರಿಗೆ ಮಿರಜ, ಸಾಂಗಲಿ. ಕಂಪ್ಯೂಟರ್ ರಿಪೇರಿ, ಆಸ್ಪತ್ರೆ, ಮದುವೆ ಜವಳಿ, ಎಲ್ಲಕ್ಕೂ ಹೋಗುವುದು ಅಲ್ಲಿಗೇ. ಹಾರ್ಡ್‌ಡಿಸ್ಕಿನ ಎರಡನೆಯ ಪ್ರತಿಯೂ ಸಹಜವಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಕೊಲ್ಹಾಪುರ ಪಂಚಗಂಗೆಯ ದಂಡೆಯ ಊರು, ಸಾಂಗಲಿ ಕೃಷ್ಣೆಯದೇ ದಂಡೆಯ ಊರು. 2005, 2019, 2021ರ ಮೂರೂ ನೆರೆಗಳಲ್ಲಿ ಆ ಎರಡೂ ಊರು ಮುಳುಗಿದ್ದವು. ನಕಾಶೆಯಲ್ಲಿ ನಲವತ್ತು ಐವತ್ತು ಕಿಲೋಮೀಟರ್ ದೂರ ಕಂಡರೂ ಮೂಲ ಮತ್ತು ಪ್ರತಿ ಒಂದೇ ವಾರ, ಒಂದೇ ನೀರಿಗೆ ಸಿಗುತ್ತವೆ. ಬೆಳಗಾವಿ ಇದಕ್ಕಿಂತ ವಾಸಿ; ಆದರೆ ಹೆದ್ದಾರಿ ಮುಚ್ಚಿದ ದಿನ ಡಿಸ್ಕು ತರಲು ಹೋಗುವವರು ಯಾರು?

ತಾಲೂಕು ಕೇಂದ್ರಗಳಾದ ಚಿಕ್ಕೋಡಿ, ಅಥಣಿ, ರಾಯಬಾಗ ಪಟ್ಟಣಗಳು ನದಿಯಿಂದ ದೂರದ ಎತ್ತರದಲ್ಲಿವೆ, ಅಲ್ಲಿನ ಪ್ರಧಾನ ಕಚೇರಿಗಳಿಗೆ ನೀರು ಬರುವುದಿಲ್ಲ ಎಂದು ವಾದಿಸುವವರಿದ್ದಾರೆ. ಮಾತು ನಿಜ. ಆದರೆ ನೆರೆ ಬಂದಾಗ ಮೊದಲು ಹೋಗುವುದು ಕರೆಂಟು, ಆಮೇಲೆ ಟವರು, ಆಮೇಲೆ ರಸ್ತೆ. ಸರ್ವರ್ ಒಣಗಿದ್ದರೂ ಅದರ ಹತ್ತಿರ ಹೋಗಲಾಗದಿದ್ದರೆ ಸದಸ್ಯನ ಪಾಲಿಗೆ ಅದು ಇದ್ದೂ ಇಲ್ಲದಂತೆ. ಕಾಳಜಿ ಕೇಂದ್ರದಲ್ಲಿ ಕುಳಿತವನಿಗೆ ಠೇವಣಿಯ ಹಣ ಬೇಕಾಗುವುದು ಆ ವಾರದಲ್ಲೇ.

ಪ್ರತಿ ಎಲ್ಲಿರಬೇಕು? ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಮುಂಬೈ, ಚೆನ್ನೈಗಳಲ್ಲಿ, ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ ಮತ್ತು 2022ರಲ್ಲಿ ಹೈದರಾಬಾದಿನಲ್ಲಿ, ಗೂಗಲ್ 2017ರಲ್ಲಿ ಮುಂಬೈಯಲ್ಲಿ ಮತ್ತು 2021ರಲ್ಲಿ ದಿಲ್ಲಿಯಲ್ಲಿ ತಮ್ಮ ಕ್ಲೌಡ್ ಕೇಂದ್ರಗಳನ್ನು ತೆರೆದವು. ಸಹಕಾರಿ ಬ್ಯಾಂಕುಗಳಿಗೆ ಸೇವೆ ಕೊಡುವ ನಾಸಿಕದ ಇಎಸ್‌ಡಿಎಸ್‌ನಂಥ ದೇಶೀ ಕಂಪನಿಗಳೂ ಇವೆ. ನಿಪ್ಪಾಣಿಯವರಿಗೆ ಪುಣೆ, ಮುಂಬೈ ಸಾಕಷ್ಟು ದೂರ ಎನ್ನಿಸಬಹುದು. ಆದರೆ 2005ರ ಜುಲೈ 26ರಂದು ಮುಂಬೈಯಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದ ಹೊತ್ತಿನಲ್ಲೇ ಕೃಷ್ಣೆಯೂ ಉಕ್ಕಿದ್ದಳು. ಘಟ್ಟದ ಮೇಲಿನ ಮಳೆ ಎರಡು ಕಡೆಗೂ ಇಳಿಯುತ್ತದೆ. ದೊಡ್ಡ ಕಂಪನಿಗಳು ಒಂದು ನಗರದಲ್ಲೇ ಬೇರೆ ಬೇರೆ ಕಟ್ಟಡಗಳಲ್ಲಿ ಪ್ರತಿ ಇಡುವುದರಿಂದ ಗಾಬರಿ ಬೇಕಿಲ್ಲ. ಆದರೂ ಆಯ್ಕೆ ಇರುವಾಗ ಎರಡನೆಯ ಪ್ರತಿಗೆ ಚೆನ್ನೈ, ಹೈದರಾಬಾದ್ ಅಥವಾ ದಿಲ್ಲಿಯನ್ನು ಆರಿಸುವುದು ಈ ಸೀಮೆಯವರಿಗೆ ಲೇಸು.

ವರ್ಚುವಲ್ ಮಷಿನ್ ಮತ್ತು ಅದರ ಪ್ರತಿ

ಒಂದೇ ಗಟ್ಟಿ ಸರ್ವರ್ ಪೆಟ್ಟಿಗೆಯೊಳಗೆ ಹಲವು ಕಂಪ್ಯೂಟರುಗಳು ಬೇರೆ ಬೇರೆಯಾಗಿ ನಡೆಯುವಂತೆ ಮಾಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಅದರೊಳಗಿನ ಒಂದೊಂದು ಕಂಪ್ಯೂಟರೂ ಒಂದೊಂದು ವರ್ಚುವಲ್ ಮಷಿನ್. ಕೆಲಸ ಮಾಡುವವರ ಬಾಯಲ್ಲಿ ವಿಎಂ. ಕಲ್ಪನೆ 1960ರ ದಶಕದ ಐಬಿಎಂ ಯಂತ್ರಗಳಷ್ಟು ಹಳೆಯದು. ಸಾಮಾನ್ಯ ಸರ್ವರುಗಳಿಗೆ ಇದನ್ನು ತಂದದ್ದು 1998ರಲ್ಲಿ ಹುಟ್ಟಿದ ವಿಎಂವೇರ್. ಮುಂದೆ ಲಿನಕ್ಸಿನ ಕೆವಿಎಂ, ಮೈಕ್ರೋಸಾಫ್ಟಿನ ಹೈಪರ್-ವಿ, ಕೆವಿಎಂ ಆಧಾರದ ಪ್ರಾಕ್ಸ್‌ಮಾಕ್ಸ್ ಬಂದವು. 2023ರ ನವೆಂಬರಿನಲ್ಲಿ ವಿಎಂವೇರನ್ನು ಬ್ರಾಡ್‌ಕಾಮ್ ಕೊಂಡು ಲೈಸೆನ್ಸಿನ ಕ್ರಮ ಬದಲಿಸಿದ ಮೇಲೆ ಚಿಕ್ಕ ಸಂಸ್ಥೆಗಳ ಗಮನ ಪ್ರಾಕ್ಸ್‌ಮಾಕ್ಸ್ ಕಡೆ ತಿರುಗಿದೆ.

ಇಂಥ ಸಂಸ್ಥೆಗಳಿಗೆ ವಿಎಂ ಉಪಯೋಗಕ್ಕೆ ಬರುವುದು ಹೆಚ್ಚಾಗಿ ಹಳೆಯ ತಂತ್ರಾಂಶದ ಕಾರಣಕ್ಕೆ. ಎಷ್ಟೋ ಸಹಕಾರಿ ಸಂಘಗಳ ಲೆಕ್ಕ ದಶಕಗಳ ಕಾಲ ಫಾಕ್ಸ್‌ಪ್ರೋದಲ್ಲಿ ನಡೆದಿದೆ. ಬರೆದುಕೊಟ್ಟವರು ಊರು ಬಿಟ್ಟಿರುತ್ತಾರೆ, ಆದರೆ ಹಳೆಯ ಸಾಲದ ಖತಾವಣಿ ಅದರಲ್ಲೇ ಇದೆ. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರಲ್ಲಿ, ಫಾಕ್ಸ್‌ಪ್ರೋದ ಬೆಂಬಲ 2015ರಲ್ಲಿ ಮುಗಿಯಿತು. ಆ ಹಳೆಯ ಕಂಪ್ಯೂಟರನ್ನು ಇಡಿಯಾಗಿ ವಿಎಂ ಆಗಿ ಮಾರ್ಪಡಿಸಿ ಹೊಸ ಸರ್ವರಿನೊಳಗೆ ಕೂರಿಸಿದರೆ ಪೆಟ್ಟಿಗೆ ಸತ್ತರೂ ಲೆಕ್ಕ ಬದುಕುತ್ತದೆ. ಒಂದೇ ತೊಡಕು ಡಾಂಗಲ್. ತಂತ್ರಾಂಶ ಕದಿಯದಂತೆ ಹಿಂದಿನವರು ಕಂಪ್ಯೂಟರಿನ ಬೆನ್ನಿಗೆ ಚುಚ್ಚುತ್ತಿದ್ದ ಆ ಚಿಕ್ಕ ಬೀಗ ಕ್ಲೌಡಿಗೆ ಹೋಗುವುದಿಲ್ಲ. ಪ್ರತಿಯೆಲ್ಲ ಸುರಕ್ಷಿತವಾಗಿ ಚೆನ್ನೈಗೆ ಹೋಗಿ, ತೆರೆಯುವ ಬೀಗ ಮಾತ್ರ ಸದಲಗಾದಲ್ಲಿ ಒದ್ದೆಯಾಗಿ ಕುಳಿತಿರಬಹುದು. ವಿಎಂ ಬ್ಯಾಕಪ್ ಮಾಡುವ ಮೊದಲು ಅದಕ್ಕೆ ಡಾಂಗಲ್ ಇದೆಯೇ ಎಂದು ನೋಡಿಕೊಳ್ಳಬೇಕು.

ಹೈಪರ್‌ವೈಸರಿನ ಕಣ್ಣಿಗೆ ವಿಎಂನ ಇಡೀ ಹಾರ್ಡ್‌ಡಿಸ್ಕು ಒಂದು ದೊಡ್ಡ ಫೈಲು. ಅದನ್ನು ಎತ್ತಿ ಬೇರೆಡೆ ಇಟ್ಟರೆ ವಿಂಡೋಸು, ತಂತ್ರಾಂಶ, ಸೆಟ್ಟಿಂಗು, ಲೆಕ್ಕ, ಎಲ್ಲ ಒಟ್ಟಿಗೆ ಹೋದಂತೆ. ಆದರೆ ಕೆಲಸ ನಡೆದಿರುವಾಗ ಆ ಫೈಲು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ನಕಲು ಅರ್ಧ ಮುಗಿಯುವಷ್ಟರಲ್ಲಿ ಮೊದಲರ್ಧ ಹಳತಾಗಿರುತ್ತದೆ. ಇದಕ್ಕೆ ಪರಿಹಾರ ಸ್ನ್ಯಾಪ್‌ಶಾಟ್. ಒಂದು ಕ್ಷಣದಲ್ಲಿ ಡಿಸ್ಕಿನ ಸ್ಥಿತಿಯನ್ನು ಹಿಡಿದು ನಿಲ್ಲಿಸಿ, ಅಲ್ಲಿಂದಾಚೆ ಬರೆಯುವುದನ್ನೆಲ್ಲ ಪಕ್ಕದ ಇನ್ನೊಂದು ಫೈಲಿಗೆ ತಿರುಗಿಸಲಾಗುತ್ತದೆ. ನಿಂತ ಡಿಸ್ಕನ್ನು ಬ್ಯಾಕಪ್ ತಂತ್ರಾಂಶ ನಿಧಾನವಾಗಿ ಓದಿಕೊಂಡು ಹೋಗುತ್ತದೆ. ಓದಿ ಮುಗಿದ ಮೇಲೆ ಪಕ್ಕದ ಫೈಲನ್ನು ಮೂಲದೊಳಗೆ ಬೆರೆಸಲಾಗುತ್ತದೆ. ಬೆರೆಸಲು ಮರೆತರೆ ಪಕ್ಕದ ಫೈಲು ಬೆಳೆಯುತ್ತ ಬೆಳೆಯುತ್ತ ಡಿಸ್ಕು ತುಂಬಿ ವಿಎಂ ನಿಂತೇ ಹೋಗುತ್ತದೆ. ಸ್ನ್ಯಾಪ್‌ಶಾಟನ್ನೇ ಬ್ಯಾಕಪ್ ಎಂದು ತಿಳಿದು ತಿಂಗಳುಗಟ್ಟಲೆ ಹಾಗೇ ಬಿಡುವುದು ಸಾಮಾನ್ಯ ತಪ್ಪು. ಅದು ಅದೇ ಡಿಸ್ಕಿನಲ್ಲಿರುತ್ತದೆ. ಡಿಸ್ಕು ಹೋದರೆ ಅದೂ ಹೋಯಿತು.

ಇನ್ನೊಂದು ಸೂಕ್ಷ್ಮ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಲ್ಲಿ ಕ್ಯಾಶಿಯರ್ ಒಂದು ಎಂಟ್ರಿ ಮಾಡುತ್ತಿದ್ದರೆ, ನಾವೆ ಬಿದ್ದು ಜಮೆ ಬೀಳದ ಸ್ಥಿತಿಯಲ್ಲೇ ಡಿಸ್ಕು ಸೆರೆಯಾಗಬಹುದು. ಆ ಪ್ರತಿಯಿಂದ ಎಬ್ಬಿಸಿದ ವಿಎಂ, ಕರೆಂಟು ಹೋಗಿ ಬಂದ ಕಂಪ್ಯೂಟರಿನಂತೆ ಏಳುತ್ತದೆ. ಫಾಕ್ಸ್‌ಪ್ರೋದಲ್ಲಿ ಇಂಡೆಕ್ಸ್ ಕೆಡುವುದು, ಟ್ಯಾಲಿಯಲ್ಲಿ ಡೇಟಾ ರೀರೈಟ್ ಮಾಡಬೇಕಾಗುವುದು ಇಂಥ ಹೊತ್ತಿನಲ್ಲೇ. ಇದನ್ನು ತಪ್ಪಿಸಲು ವಿಂಡೋಸಿನಲ್ಲಿ ವಿಎಸ್‌ಎಸ್ ಎಂಬ ಸೇವೆಯಿದೆ. ಸ್ನ್ಯಾಪ್‌ಶಾಟಿಗೆ ಮುಂಚೆ ಅದು ಎಸ್‌ಕ್ಯುಎಲ್ ಸರ್ವರ್‌ನಂಥ ಡೇಟಾಬೇಸಿಗೆ ಸೂಚನೆ ಕೊಟ್ಟು, ಕೈಯಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆಸಿ ಒಂದು ಕ್ಷಣ ತಡೆಯುತ್ತದೆ. ವಿಎಸ್‌ಎಸ್ ಮಾತು ತಿಳಿಯದ ಹಳೆಯ ತಂತ್ರಾಂಶಕ್ಕೆ ಒಂದೇ ದಾರಿ: ಕೀರ್ದಿ ಮುಗಿಸಿ, ಎಲ್ಲರೂ ಲಾಗೌಟ್ ಆದ ಮೇಲೆ ಬ್ಯಾಕಪ್ ಶುರು ಮಾಡುವುದು.

ಮೊದಲ ಸಲ ಇಡೀ ಡಿಸ್ಕು ಹೋಗಬೇಕು. ಆಮೇಲೆ ಬದಲಾದ ತುಂಡುಗಳು ಮಾತ್ರ ಹೋದರೆ ಸಾಕು. ಯಾವ ತುಂಡು ಬದಲಾಯಿತು ಎಂದು ಹೈಪರ್‌ವೈಸರೇ ಗುರುತಿಟ್ಟುಕೊಳ್ಳುತ್ತದೆ. ವಿಎಂವೇರಿನಲ್ಲಿ ಈ ಅನುಕೂಲ 2009ರಲ್ಲಿ ಬಂತು. ವೀಮ್, ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಮುಂತಾದ ತಂತ್ರಾಂಶಗಳು ಹೀಗೆ ಬಂದ ತುಂಡುಗಳನ್ನು ಒತ್ತಿ ಚಿಕ್ಕದು ಮಾಡಿ, ಗೂಢಲಿಪಿಗೆ ಇಳಿಸಿ, ಒಂದೇ ಬಗೆಯ ತುಂಡು ಎರಡು ಸಲ ಹೋಗದಂತೆ ನೋಡಿಕೊಳ್ಳುತ್ತವೆ. ಹತ್ತು ವಿಎಂಗಳಲ್ಲೂ ಅದೇ ವಿಂಡೋಸ್ ಇದ್ದರೆ ಅದರ ಪ್ರತಿ ಒಂದೇ ಸಾಕು.

ಲೈನು ಮತ್ತು ಕರೆಂಟು

ಕ್ಲೌಡ್ ಬ್ಯಾಕಪ್ಪಿನ ನಿಜವಾದ ಅಳತೆ ಅಪ್‌ಲೋಡ್ ವೇಗ. ಕನೆಕ್ಷನ್ ಮಾರುವವರು ಹೇಳುವುದು ಡೌನ್‌ಲೋಡಿನ ವೇಗ. ಕೆಲವು ಪ್ಲಾನುಗಳಲ್ಲಿ ಮೇಲೆ ಹೋಗುವ ವೇಗ ಅದಕ್ಕಿಂತ ಬಹಳ ಕಡಿಮೆ. 500 ಜಿಬಿಯ ಒಂದು ವಿಎಂ 10 ಎಂಬಿಪಿಎಸ್ ಲೈನಿನಲ್ಲಿ ಮೇಲೇರಲು, ನಡುವೆ ಎಲ್ಲೂ ಕಡಿಯದೆ ಇದ್ದರೆ, ಸುಮಾರು 111 ಗಂಟೆ ಬೇಕು. ಅಂದರೆ ನಾಲ್ಕೂವರೆ ದಿನಕ್ಕಿಂತ ಹೆಚ್ಚು. 50 ಎಂಬಿಪಿಎಸ್ ಇದ್ದರೆ 22 ಗಂಟೆ. ದಿನಕ್ಕೆ 5 ಜಿಬಿ ಮಾತ್ರ ಬದಲಾಗುವ ಸರ್ವರಿಗೆ 10 ಎಂಬಿಪಿಎಸ್ ಲೈನಿನಲ್ಲೂ ಒಂದು ಗಂಟೆ ಚಿಲ್ಲರೆ ಸಾಕು. ಕಷ್ಟವೆಲ್ಲ ಮೊದಲ ಪ್ರತಿಯದು. ಅದನ್ನು ಶನಿವಾರ ಸಂಜೆ ಶುರು ಮಾಡುವುದು, ಹಗಲು ವೇಗ ತಗ್ಗಿಸಿ ರಾತ್ರಿ ಬಿಡುವುದು, ಸೇವೆ ಕೊಡುವ ಕಂಪನಿ ಒಪ್ಪಿದರೆ ಹಾರ್ಡ್‌ಡಿಸ್ಕಿನಲ್ಲೇ ತುಂಬಿ ಕಳಿಸುವುದು, ಹೀಗೆ ಉಪಾಯಗಳಿವೆ. ಲೈನು ಕಡಿದರೆ ಮೊದಲಿಂದ ಶುರು ಮಾಡದೆ ನಿಂತಲ್ಲಿಂದ ಮುಂದುವರಿಸುವ ತಂತ್ರಾಂಶವನ್ನೇ ಆರಿಸಬೇಕು.

ಏಕೆಂದರೆ ಇಲ್ಲಿ ಲೈನು ಕಡಿಯುತ್ತದೆ. ರಸ್ತೆ ಅಗಲ ಮಾಡುವ ಜೆಸಿಬಿಗೆ ಫೈಬರ್ ಸಿಗುತ್ತದೆ, ಹೆಸ್ಕಾಂ ಕರೆಂಟು ಮಳೆಗಾಲದಲ್ಲಿ ಹೇಳದೆ ಹೋಗುತ್ತದೆ. ಸರ್ವರಿಗೆ ಯುಪಿಎಸ್ ಹಾಕಿ, ಫೈಬರಿನ ರೌಟರನ್ನು ಗೋಡೆಯ ಸಾದಾ ಪ್ಲಗ್ಗಿಗೆ ಚುಚ್ಚಿರುವ ಕಚೇರಿಗಳು ಕಡಿಮೆಯಿಲ್ಲ. ಕರೆಂಟು ಹೋದಾಗ ಸರ್ವರ್ ನಡೆದಿರುತ್ತದೆ, ಬ್ಯಾಕಪ್ ಮಾತ್ರ ನಿಂತಿರುತ್ತದೆ. ರೌಟರ್ ತಿನ್ನುವ ಕರೆಂಟು ತೀರಾ ಕಡಿಮೆ; ಅದನ್ನೂ ಯುಪಿಎಸ್ಸಿಗೆ ಸೇರಿಸಿದರೆ ಖರ್ಚಿಲ್ಲದೆ ಮುಗಿಯುವ ಕೆಲಸ.

ಫೈಲುಗಳು, ಫಾಂಟುಗಳು

ವಿಎಂ ಇಲ್ಲದ ಕಡೆ ಫೈಲುಗಳನ್ನಷ್ಟೇ ಕಳಿಸಬಹುದು. ಇದಕ್ಕೆ ಆರ್‌ಸಿಂಕ್ ಎಂಬ ಉಚಿತ ತಂತ್ರಾಂಶ 1996ರಿಂದ ಇದೆ. ಆರ್‌ಕ್ಲೋನ್, ರೆಸ್ಟಿಕ್ ಮುಂತಾದವೂ ಉಚಿತ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳನ್ನು ಬ್ಯಾಕಪ್ ಎಂದೇ ಕರೆಯುವವರಿದ್ದಾರೆ. ಅವು ಮಾಡುವುದು ಸಿಂಕ್: ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲೂ ಕೆಡುತ್ತದೆ. ಗೂಗಲ್ ಡ್ರೈವಿನ ಕಸದಬುಟ್ಟಿಯಲ್ಲಿ ಅಳಿಸಿದ ಫೈಲು 30 ದಿನ ಉಳಿದು ಹೋಗಿಬಿಡುತ್ತದೆ. ಮಾರ್ಚಿನಲ್ಲಿ ಅಳಿಸಿದ್ದು ಆಡಿಟ್ಟಿನವರು ಜೂನಿನಲ್ಲಿ ಕೇಳಿದಾಗ ಸಿಗುವುದಿಲ್ಲ. ಜಿಎಸ್‌ಟಿ ಕಾನೂನು ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಕಾಯ್ದಿಡಲು ಹೇಳುತ್ತದೆ. 30 ದಿನದ ಬುಟ್ಟಿಗೂ ಇದಕ್ಕೂ ತಾಳೆಯೇ ಇಲ್ಲ. ಹಳೆಯ ಆವೃತ್ತಿಗಳನ್ನು ದಿನ, ವಾರ, ತಿಂಗಳು, ವರ್ಷದ ಲೆಕ್ಕದಲ್ಲಿ ಉಳಿಸಿಕೊಳ್ಳುವ ವ್ಯವಸ್ಥೆ ಇದ್ದರಷ್ಟೇ ಅದು ಬ್ಯಾಕಪ್.

ಗಡಿಸೀಮೆಯ ಫೈಲುಗಳಿಗೆ ಇನ್ನೊಂದು ಗೋಳಿದೆ. ಹಳೆಯ ನೋಟೀಸು, ಠರಾವು, ಲಗ್ನಪತ್ರಿಕೆಗಳು ಯುನಿಕೋಡಿನಲ್ಲಿಲ್ಲ. ಕನ್ನಡದವು ಕನ್ನಡ ಗಣಕ ಪರಿಷತ್ತಿನ ನುಡಿ ಫಾಂಟಿನಲ್ಲಿ, ಮರಾಠಿಯವು ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯ ಶ್ರೀಲಿಪಿಯಲ್ಲಿ. ಒಂದೇ ಹಾಳೆಯಲ್ಲಿ ಎರಡೂ ಇರುವುದೂ ಉಂಟು. ಈ ಫೈಲುಗಳಲ್ಲಿ ಅಕ್ಷರದ ಬದಲು ಫಾಂಟಿನ ಸಂಕೇತ ಮಾತ್ರ ಇರುತ್ತದೆ. ಫಾಂಟಿಲ್ಲದ ಹೊಸ ಕಂಪ್ಯೂಟರಿಗೆ ಅವನ್ನು ಇಳಿಸಿದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ಬ್ಯಾಕಪ್ ಕೆಟ್ಟಿದೆ ಎಂದು ಗಾಬರಿಯಾಗುವ ಮೊದಲು ಫಾಂಟು ಹಾಕಿ ನೋಡಬೇಕು. ಫಾಂಟುಗಳನ್ನೂ ಬ್ಯಾಕಪ್ಪಿನ ಪಟ್ಟಿಗೆ ಸೇರಿಸುವುದು ಒಳ್ಳೆಯದು; ಅದಕ್ಕಿಂತ ಒಳ್ಳೆಯದು ಆ ಡಿಟಿಪಿ ಕಂಪ್ಯೂಟರನ್ನೇ ವಿಎಂ ಮಾಡಿ ಇಟ್ಟುಕೊಳ್ಳುವುದು.

ರಾನ್ಸಮ್‌ವೇರ್

ಫೈಲುಗಳನ್ನೆಲ್ಲ ಗೂಢಲಿಪಿಗೆ ಇಳಿಸಿ ಬಿಡಿಸಲು ಹಣ ಕೇಳುವ ದಾಳಿ ಇದು. 2017ರ ಮೇ ತಿಂಗಳ ವಾನ್ನಾಕ್ರೈ ಹಾವಳಿಯಿಂದ ಜನಕ್ಕೆ ಪರಿಚಿತವಾಯಿತು. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆ ಇದಕ್ಕೆ ಸಿಕ್ಕು, ಹೊರರೋಗಿಗಳ ಚೀಟಿಯನ್ನು ಕೈಯಿಂದ ಬರೆಯುವಂತಾಯಿತು. ಈ ಸೀಮೆಗೆ ಹೆಚ್ಚು ಹತ್ತಿರದ ಪಾಠ 2024ರ ಜುಲೈ ಕೊನೆಯದು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ದಾಳಿಯಾಗಿ, ಮುಂಜಾಗ್ರತೆಗಾಗಿ ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕ ತಾತ್ಕಾಲಿಕವಾಗಿ ಕಡಿಯಿತು. ದೇಶದ ಸುಮಾರು 300 ಚಿಕ್ಕ ಬ್ಯಾಂಕುಗಳ ಯುಪಿಐ ಮುಂತಾದ ಪಾವತಿಗಳು ನಿಂತವು. ತನ್ನ ಕಟ್ಟಡದಲ್ಲಿ ಏನೂ ತಪ್ಪಾಗದಿದ್ದರೂ ಬ್ಯಾಂಕಿನ ಕೌಂಟರು ನಿಲ್ಲಬಹುದು ಎಂಬುದನ್ನು ಅದು ತೋರಿಸಿತು.

ದಾಳಿಕೋರರು ಮೊದಲು ಹುಡುಕುವುದು ಬ್ಯಾಕಪ್ಪನ್ನೇ. ಸರ್ವರಿಗೆ ಸದಾ ಚುಚ್ಚಿಟ್ಟ ಹೊರ ಹಾರ್ಡ್‌ಡಿಸ್ಕು ಅವರ ಲೆಕ್ಕದಲ್ಲಿ ಇನ್ನೊಂದು ಡ್ರೈವು, ಅಷ್ಟೇ. ಕ್ಲೌಡಿನ ಪಾಸ್‌ವರ್ಡು ಅದೇ ಸರ್ವರ್‌ನಲ್ಲಿ ಉಳಿಸಿದ್ದರೆ ಅಲ್ಲಿನ ಪ್ರತಿಯನ್ನೂ ಅಳಿಸಿಬಿಡುತ್ತಾರೆ. ಇದಕ್ಕೆ ಅಳಿಸಲಾಗದ ಪ್ರತಿ ಬೇಕು. 2006ರಲ್ಲಿ ಶುರುವಾದ ಅಮೆಜಾನಿನ ಎಸ್3 ಸಂಗ್ರಹದಲ್ಲಿ 2018ರಿಂದ ಆಬ್ಜೆಕ್ಟ್ ಲಾಕ್ ಎಂಬ ವ್ಯವಸ್ಥೆಯಿದೆ. ಗೊತ್ತುಮಾಡಿದ ಅವಧಿ ಮುಗಿಯುವ ತನಕ, ಬಿಗಿ ಕ್ರಮದಲ್ಲಿ ಲಾಕ್ ಹಾಕಿದರೆ, ಖಾತೆಯ ಒಡೆಯನೂ ಆ ಪ್ರತಿಯನ್ನು ಅಳಿಸಲಾರ. ಇತರ ಕಂಪನಿಗಳಲ್ಲೂ ಇಂಥದ್ದೇ ಇದೆ. ರಾನ್ಸಮ್‌ವೇರ್ ಒಳಹೊಕ್ಕು ವಾರಗಟ್ಟಲೆ ಸುಮ್ಮನಿದ್ದು ಆಮೇಲೆ ಎದ್ದೇಳುವುದರಿಂದ ಈ ಅವಧಿ ವಾರಕ್ಕಿಂತ ತಿಂಗಳ ಲೆಕ್ಕದಲ್ಲಿರಬೇಕು.

ಕಾನೂನು ಮತ್ತು ಸರಕಾರಿ ದಾಖಲೆ

ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು 2018ರ ಅಕ್ಟೋಬರಿನಲ್ಲಿ ಸೈಬರ್ ಸುರಕ್ಷೆಯ ಕನಿಷ್ಠ ನಿಯಮಗಳನ್ನೂ, 2019ರ ಡಿಸೆಂಬರಿನಲ್ಲಿ ಬ್ಯಾಂಕಿನ ಡಿಜಿಟಲ್ ವ್ಯಾಪ್ತಿಗೆ ತಕ್ಕಂತೆ ನಾಲ್ಕು ಹಂತಗಳ ಚೌಕಟ್ಟನ್ನೂ ವಿಧಿಸಿತು. ಆದರೆ 1959ರ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಕಾಯ್ದೆಯಡಿ ನಡೆಯುವ ಪತ್ತಿನ ಸಂಘಗಳು ಈ ಚೌಕಟ್ಟಿನ ಹೊರಗಿವೆ. ಸದಸ್ಯನ ಹಣದ ಮಟ್ಟಿಗೆ ಬ್ಯಾಂಕಿಗೂ ಸಂಘಕ್ಕೂ ದೊಡ್ಡ ಫರಕಿಲ್ಲದ ಈ ಸೀಮೆಯಲ್ಲಿ ಇದು ಕಣ್ಣಿಗೆ ಹೊಡೆಯುವ ಕೊರತೆ. ಉಗಾರ ಶುಗರ್‌ನಂಥ ಕಂಪನಿಗಳಿಗೆ 2022ರ ಆಗಸ್ಟಿನ ತಿದ್ದುಪಡಿಯಿಂದ, ಎಲೆಕ್ಟ್ರಾನಿಕ್ ಲೆಕ್ಕಪುಸ್ತಕದ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕೆಂಬ ನಿಯಮವಿದೆ. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು ಎಂಬುದು ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನ.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಕ್ಲೌಡ್ ತಂತ್ರಾಂಶಕ್ಕೆ ತರುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಮೊದಲ ಅಂದಾಜು 63,000 ಸಂಘ, 2,516 ಕೋಟಿ ರೂಪಾಯಿ. ಲೆಕ್ಕವೇ ಕ್ಲೌಡಿನಲ್ಲಿದ್ದ ಮೇಲೆ ಊರಿನ ಕಂಪ್ಯೂಟರ್ ಮುಳುಗಿದರೂ ಚಿಂತೆಯಿಲ್ಲ. ಆದರೆ ಹಳೆಯ ವರ್ಷಗಳ ದಾಖಲೆ ಹೊಸ ತಂತ್ರಾಂಶಕ್ಕೆ ಪೂರ್ತಿ ಬರುವ ತನಕ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬಾರದು.

ಸರಕಾರಿ ದಾಖಲೆಯ ಕತೆ ಇನ್ನೂ ಹಿಂದಿನದು. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದಾಗ ಡೇಟಾ ಇದ್ದದ್ದು ಆಯಾ ತಾಲೂಕು ಕಚೇರಿಯ ಸರ್ವರ್‌ನಲ್ಲಿ. ಆಗ ನಿಪ್ಪಾಣಿ ಚಿಕ್ಕೋಡಿ ತಾಲೂಕಿನಲ್ಲೂ ಕಾಗವಾಡ ಅಥಣಿ ತಾಲೂಕಿನಲ್ಲೂ ಇದ್ದವು. ಮುಂದೆ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ರೆಕಾರ್ಡ್ ರೂಮಿನ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸ ಈಚಿನದು. ಮುಂಬೈ ಪ್ರಾಂತದ ಕಾಲದ ಮೋಡಿ ಲಿಪಿಯ ಹಾಳೆಗಳಿರುವ ಈ ಭಾಗಕ್ಕೆ ಅದರ ಬೆಲೆ ಹೆಚ್ಚು.

ಖರ್ಚು, ಮರಳಿ ಇಳಿಸುವುದು, ಬೀಗದ ಕೈ

ದೊಡ್ಡ ಕ್ಲೌಡ್ ಕಂಪನಿಗಳ ಸಾಮಾನ್ಯ ಸಂಗ್ರಹಕ್ಕೆ ಒಂದು ಜಿಬಿಗೆ ತಿಂಗಳಿಗೆ ಎರಡು ರೂಪಾಯಿಯ ಆಸುಪಾಸು ಬೀಳುತ್ತದೆ. ಆರ್ಕೈವ್ ದರ್ಜೆ ಇದಕ್ಕಿಂತ ಎಷ್ಟೋ ಅಗ್ಗ, ಆದರೆ ಅಲ್ಲಿಂದ ಹೊರತೆಗೆಯಲು ಗಂಟೆಗಟ್ಟಲೆ ಕಾಯಬೇಕು. ಅಮೆಜಾನಿನ ತೀರಾ ಅಗ್ಗದ ದರ್ಜೆಯಲ್ಲಿ 12ರಿಂದ 48 ಗಂಟೆ. ಹಳೆಯ ವರ್ಷಗಳ ಲೆಕ್ಕಕ್ಕೆ ಅದು ಸರಿ, ಹಂಗಾಮಿನ ಕಾಟಾ ಡೇಟಾಕ್ಕೆ ಅಲ್ಲ. ಹಲವು ಕಂಪನಿಗಳು ಇಡಲು ತೆಗೆದುಕೊಳ್ಳುವುದಕ್ಕಿಂತ ಹೊರಗೆ ಇಳಿಸಲು ಹಲವು ಪಟ್ಟು ಹೆಚ್ಚು ದರ ಹಾಕುತ್ತವೆ. ಕರಾರಿಗೆ ಸಹಿ ಹಾಕುವಾಗ ಈ ಸಾಲನ್ನು ಓದದವರು ಅದನ್ನು ಓದುವುದು ಸರ್ವರ್ ಹೋದ ದಿನ.

ಇಳಿಸದೆಯೂ ಕೆಲಸ ನಡೆಸಬಹುದು. ವಿಎಂನ ಪ್ರತಿಯನ್ನು ಕ್ಲೌಡಿನಲ್ಲೇ ಎಬ್ಬಿಸಿದರೆ, ಬೆಳಗಾವಿಯಲ್ಲಿ ಕುಳಿತ ಸಿಬ್ಬಂದಿ ಲ್ಯಾಪ್‌ಟಾಪಿನಿಂದ ಮಾಂಜರಿ ಶಾಖೆಯ ಖಾತೆಗಳನ್ನು ನೋಡಬಹುದು. ನೆರೆ ಬರುವ ಸೀಮೆಗೆ ವಿಎಂ ಬ್ಯಾಕಪ್ ಫೈಲು ಬ್ಯಾಕಪ್ಪಿಗಿಂತ ಒಂದು ಕೈ ಮೇಲಾಗುವುದು ಇಲ್ಲಿಯೇ. ಆದರೆ ಇದನ್ನು ಮಾಡಿ ನೋಡಿರಬೇಕು. ತಾಲೀಮಿಗೆ ಇಲ್ಲಿನ ಪಂಚಾಂಗವೇ ಸಮಯ ಗೊತ್ತುಮಾಡಿದೆ: ಮಾರ್ಚ್ 31ರ ಲೆಕ್ಕ ಮುಗಿದು, ಕಾರ್ಖಾನೆಯ ಹಂಗಾಮು ನಿಂತು, ಮಿರಗದ ಮಳೆ ಬರುವ ನಡುವಿನ ಏಪ್ರಿಲ್, ಮೇ. 2011ರಿಂದ ಆಚರಿಸುತ್ತಿರುವ ವಿಶ್ವ ಬ್ಯಾಕಪ್ ದಿನವೂ ಮಾರ್ಚ್ 31ಕ್ಕೇ ಬರುತ್ತದೆ. ಅಂದು ಕ್ಲೋಸಿಂಗ್ ಗಲಾಟೆಯಲ್ಲಿ ಮುಳುಗಿರುವ ನಮ್ಮ ಅಕೌಂಟೆಂಟರಿಗೆ ಅದರ ನೆನಪಾಗುವುದು ಕಷ್ಟ.

ಕೊನೆಯದು ಬೀಗದ ಕೈಯ ಪ್ರಶ್ನೆ. ಗೂಢಲಿಪಿಯ ಪಾಸ್‌ವರ್ಡ್ ಕಳೆದರೆ ಕ್ಲೌಡಿನ ಪ್ರತಿ ಯಾರಿಗೂ ಉಪಯೋಗವಿಲ್ಲ; ಅದನ್ನು ಬರೆದ ಚೀಟಿ ಸರ್ವರ್ ಇರುವ ಕೋಣೆಯ ತಿಜೋರಿಯಲ್ಲೇ ಇದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ಇನ್ನೂ ಹೆಚ್ಚಾಗಿ ಕಾಣುವ ತೊಂದರೆ ಬೇರೆ. ಕ್ಲೌಡ್ ಖಾತೆ ತೆರೆದಿರುವುದು ಸೆಕ್ರೆಟರಿಯವರ ಸ್ವಂತ ಈಮೇಲಿನಲ್ಲಿ, ಓಟಿಪಿ ಬರುವುದು ಅವರ ಮೊಬೈಲಿಗೆ, ಹಣ ಕಟ್ಟುವುದು ಅವರ ಕಾರ್ಡಿನಿಂದ. ಅವರು ನಿವೃತ್ತರಾದರೆ, ಐದು ವರ್ಷದ ಚುನಾವಣೆಯಲ್ಲಿ ಆಡಳಿತ ಮಂಡಳಿ ಬದಲಾಗಿ ಮನಸ್ತಾಪ ಬಂದರೆ, ಸಂಘದ ಡೇಟಾ ಒಬ್ಬರ ಸಿಮ್ ಕಾರ್ಡಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಖಾತೆಯನ್ನು ಸಂಘದ ಹೆಸರಿನ ಈಮೇಲಿಗೆ ಮಾಡಿಸಿ, ಓಟಿಪಿಗೆ ಸಂಘದ್ದೇ ಸಿಮ್ ಕೊಟ್ಟು, ಪಾಸ್‌ವರ್ಡನ್ನು ಎರಡು ಲಕೋಟೆಯಲ್ಲಿ ಎರಡು ಊರಿನ ಶಾಖೆಗಳ ಲಾಕರಿನಲ್ಲಿಟ್ಟು, ಯಾರ ಬಳಿ ಏನಿದೆ ಎಂದು ಠರಾವು ಪುಸ್ತಕದಲ್ಲಿ ಬರೆಸಬೇಕು. ಹೊಸ ಮಂಡಳಿ ಅಧಿಕಾರ ವಹಿಸಿಕೊಳ್ಳುವ ದಿನ ನಗದು, ಬಾಂಡು, ಶಿಕ್ಕೆಗಳ ಜತೆ ಇದನ್ನೂ ಯಾದಿಯಲ್ಲಿ ಸೇರಿಸಿ ಒಪ್ಪಿಸುವುದು ಕ್ರಮ.